ಓದುಗರ ಪ್ರಶ್ನೆ: ಚೀನಾದ ಹಳ್ಳಿಯ ಹೆಣ್ಣುಮಕ್ಕಳು, ನಮ್ಮೂರಿನ ಪತ್ರಗಳು

ಕಳೆದ ತಿಂಗಳು ಈ ಅಂಕಣದಲ್ಲಿ ಚೀನಾದ ಫೋಷಾನ್ ಊರಿನ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಓದದವರಿಗಾಗಿ ಚುಟುಕಾಗಿ ಹೇಳುತ್ತೇನೆ. ನನ್ನ ಅಳಿಯನಿಗೆ ಮಂಗಳೂರಿನಲ್ಲಿ ಟೈಲ್ಸ್ ವ್ಯಾಪಾರ. ಹಂಚಿಗೆ ಹೆಸರಾದ ಊರಿನ ಹುಡುಗ ಟೈಲ್ಸ್ ತರಿಸುವುದು ಫೋಷಾನ್‌ನಿಂದ! 2018ರಲ್ಲಿ ನಾನು ಕಂದಾಯ ಇಲಾಖೆಯಿಂದ ನಿವೃತ್ತಳಾದೆ. ಆ ವರ್ಷ ಮಗಳು ಅಳಿಯ ಅಲ್ಲೇ ಮನೆ ಮಾಡಿಕೊಂಡಿದ್ದರು. ಮೊಮ್ಮಗಳನ್ನು ನೋಡಿಕೊಳ್ಳಲು ನನ್ನನ್ನು ಕರೆಸಿಕೊಂಡರು. ಹತ್ತು ಕಿಲೋ ಕುಚ್ಚಲಕ್ಕಿ ಹೊತ್ತುಕೊಂಡು ಹೋಗಿ ಎರಡು ತಿಂಗಳು ಇದ್ದು ಬಂದೆ.

ಅಲ್ಲಿನ ಹಳ್ಳಿ ಹೆಂಗಸರ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೇ ಮೂವತ್ತಕ್ಕಿಂತ ಜಾಸ್ತಿ ಪತ್ರ ಬಂದಿವೆ. ನಾನು ವಿದ್ವಾಂಸೆ ಅಲ್ಲ. 38 ವರ್ಷ ಗ್ರಾಮ ಲೆಕ್ಕಿಗಳಾಗಿ, ಆಮೇಲೆ ಕಂದಾಯ ನಿರೀಕ್ಷಕಳಾಗಿ ಪಹಣಿ ಬರೆದವಳು. ಎಲ್ಲಿಗೆ ಹೋದರೂ ಯಾರ ಹೆಸರು ಯಾವ ಪುಸ್ತಕದಲ್ಲಿದೆ ಎಂದು ನೋಡುವ ಚಟ ಬಿಟ್ಟಿಲ್ಲ. ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಆ ಕಣ್ಣಿನಿಂದಲೇ ಉತ್ತರಿಸುತ್ತೇನೆ.

ಪ್ರಶ್ನೆ: ಅಕ್ಕ, ನಾನು ಯೂಟ್ಯೂಬ್‌ನಲ್ಲಿ ಲಿ ಜಿಚಿಯ ವಿಡಿಯೋ ನೋಡುತ್ತೇನೆ. ಒಬ್ಬಳೇ ಗದ್ದೆ ನೆಡುತ್ತಾಳೆ, ಬಿದಿರಿನ ಕುರ್ಚಿ ಮಾಡುತ್ತಾಳೆ. ಚೀನಾದ ಹಳ್ಳಿ ಹೆಣ್ಣುಮಕ್ಕಳು ನಿಜವಾಗಿ ಹೀಗೇ ಇರುತ್ತಾರಾ?
– ಪದವಿ ವಿದ್ಯಾರ್ಥಿನಿ, ಹೆಬ್ರಿ

ನಾನೂ ನೋಡುತ್ತೇನೆ ಮಾರಾಯ್ತಿ. ಅವಳ ಉಪ್ಪಿನಕಾಯಿ ಭರಣಿ ನೋಡಿದರೆ ನನ್ನ ಅಜ್ಜಿಯ ಅಟ್ಟ ನೆನಪಾಗುತ್ತದೆ. 2021ರಲ್ಲಿ ಚೀನೀ ಭಾಷೆಯ ಯೂಟ್ಯೂಬ್ ಚಾನೆಲ್‌ಗಳಲ್ಲೇ ಅತಿ ಹೆಚ್ಚು, 1 ಕೋಟಿ 40 ಲಕ್ಷಕ್ಕೂ ಹೆಚ್ಚು ಜನ ಅವಳ ಚಾನೆಲ್ ಸೇರಿದ್ದರು. ಕಂಪನಿಯವರೊಂದಿಗೆ ತಕರಾರಾಗಿ ಮೂರು ವರ್ಷ ನಿಲ್ಲಿಸಿದಳು. 2024ರ ನವೆಂಬರ್‌ನಲ್ಲಿ ಮತ್ತೆ ಬಂದಳು.

ವಿಡಿಯೋ ಸುಳ್ಳಲ್ಲ, ಆದರೆ ಅರ್ಧ ಕಥೆ. ಅವಳು ಸಿಚುವಾನ್ ಪ್ರಾಂತ್ಯದ ಹಳ್ಳಿಯಲ್ಲಿ ಅಜ್ಜ ಅಜ್ಜಿಯ ಕೈಯಲ್ಲಿ ಬೆಳೆದವಳು. ಹದಿಹರೆಯದಲ್ಲೇ ದುಡಿಯಲು ಪೇಟೆಗೆ ಹೋದಳು. ಅಜ್ಜಿಯನ್ನು ನೋಡಿಕೊಳ್ಳಲು ವಾಪಸ್ ಬಂದಳು. ಆ ಪೇಟೆಯ ವರ್ಷಗಳು ವಿಡಿಯೋದಲ್ಲಿ ಇಲ್ಲ. ನನ್ನ ಕೇಳಿದರೆ ಅದೇ ನಿಜವಾದ ಕಥೆ.

1980ರ ದಶಕದಿಂದ ಕೋಟಿಗಟ್ಟಲೆ ಹಳ್ಳಿ ಹುಡುಗಿಯರು ಶೆನ್‌ಜೆನ್, ಡೊಂಗ್‌ಗುವಾನ್ ಕಡೆಯ ಕಾರ್ಖಾನೆಗಳಿಗೆ ಹೊರಟರು. ಬೊಂಬೆ, ಬಟ್ಟೆ, ಶೂ, ಆಮೇಲೆ ಮೊಬೈಲ್. ಅವರಿಗೆ 'ದಗೊಂಗ್‌ಮೆಯ್' ಎಂಬ ಹೆಸರೇ ಬಿತ್ತು, ಕೂಲಿಗೆ ಹೋದ ತಂಗಿಯರು ಅನ್ನುವ ಹಾಗೆ. ಮೊದಲ ಸಲ ಸ್ವಂತ ದುಡ್ಡು ಕೈಗೆ ಬಂತು. ಮನೆಗೆ ಕಳಿಸಿದ ಹಣದಲ್ಲಿ ಅಣ್ಣ ತಮ್ಮಂದಿರ ಮನೆ ಎದ್ದಿತು. ಊರಿನಲ್ಲಿ ಮಾತಿಗೆ ತೂಕ ಬಂತು.

ನಮ್ಮ ಅಪಾರ್ಟ್‌ಮೆಂಟಿಗೆ ಕಸ ಗುಡಿಸಲು ಹುನಾನ್ ಪ್ರಾಂತ್ಯದ ಒಬ್ಬ ಹೆಂಗಸು ಬರುತ್ತಿದ್ದಳು. ಸುಮಾರು ನಲವತ್ತು ವರ್ಷ. ಮಗಳ ಮೊಬೈಲಿನಲ್ಲಿ ಮಾತು ತಿರುಗಿಸಿ ಹರಟೆ ಹೊಡೆಯುತ್ತಿದ್ದೆವು. ಒಂದು ದಿನ, ನಿಮ್ಮ ಮನೆ ಯಾವ ಊರಲ್ಲಿ ಎಂದು ಕೇಳಿದೆ. ಅವಳು ತಿರುಗಿ ಕೇಳಿದಳು: ಯಾವ ಮನೆ, 'ನ್ಯಾಂಗ್‌ಜಿಯಾ'ವಾ 'ಪೊಜಿಯಾ'ವಾ? ಮೊದಲನೆಯದು ಅಮ್ಮನ ಮನೆ. ಎರಡನೆಯದು ಅತ್ತೆಯ ಮನೆ. ನಮ್ಮ ತವರು, ಅತ್ತೆಮನೆ ಇದ್ದ ಹಾಗೇ! ಅವಳ ಮಗ ಅತ್ತೆಮನೆಯಲ್ಲಿ ಅಜ್ಜಿಯ ಹತ್ತಿರ ಇದ್ದ. ಅಲ್ಲಿ 'ಹುಕೊ' ಎಂಬ ಕುಟುಂಬ ನೋಂದಣಿ ಪುಸ್ತಕ ಇದೆ, 1958ರಲ್ಲಿ ಬಿಗಿಯಾಗಿ ಜಾರಿಗೆ ತಂದದ್ದು. ಪುಸ್ತಕ ಹಳ್ಳಿಯದ್ದಾದರೆ ಮಗುವಿಗೆ ಪೇಟೆಯ ಸರ್ಕಾರಿ ಶಾಲೆ ಸಿಗುವುದು ಕಷ್ಟ. ಅವಳು ಮಗನನ್ನು ನೋಡುವುದು ಚೀನೀ ಹೊಸ ವರ್ಷಕ್ಕೆ ಒಮ್ಮೆ. ಬಿದಿರಿನ ಕುರ್ಚಿ ಮಾಡುವಷ್ಟು ಪುರುಸೊತ್ತು ಅವಳಿಗಿಲ್ಲ.

ಪ್ರಶ್ನೆ: ಚೀನಾದಲ್ಲಿ 1949ರಲ್ಲೇ ಗಂಡು ಹೆಣ್ಣು ಸಮಾನ ಎಂದಾಯಿತು. ನಾವೇ ಹಿಂದೆ ಬಿದ್ದೆವು. ಒಪ್ಪುತ್ತೀರಾ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಕಂಕನಾಡಿ

ಅರ್ಧ ಒಪ್ಪುತ್ತೇನೆ. 1950ರ ಮೇ 1ಕ್ಕೆ ಅಲ್ಲಿ ಮದುವೆ ಕಾನೂನು ಬಂತು. ಹಿರಿಯರು ಬಲವಂತದಿಂದ ಮಾಡಿಸುವ ಮದುವೆ, ಎರಡನೇ ಹೆಂಡತಿ, ಬಾಲ್ಯದಲ್ಲೇ ನಿಶ್ಚಯ ಮಾಡುವುದು ಎಲ್ಲ ರದ್ದು. ಹೆಣ್ಣಿಗೂ ವಿಚ್ಛೇದನ ಕೇಳುವ ಹಕ್ಕು. ಅದೇ ವರ್ಷ ಭೂ ಸುಧಾರಣೆ ಕಾನೂನು. ತಲೆ ಲೆಕ್ಕದಲ್ಲಿ ಜಮೀನು ಹಂಚುವಾಗ ಹೆಂಗಸರ ತಲೆಯೂ ಎಣಿಕೆಗೆ ಬಂತು. ಆ ಕಾಲಕ್ಕೆ ಸಣ್ಣ ಮಾತಲ್ಲ.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸಿದ್ದು ಹೆಸರಿನ ವಿಷಯ. ಹಿಂದೆ ಮದುವೆಯಾದ ಹಳ್ಳಿ ಹೆಂಗಸನ್ನು ದಾಖಲೆಯಲ್ಲಿ ಗಂಡನ ಮನೆತನ, ಅಪ್ಪನ ಮನೆತನ ಸೇರಿಸಿ ಬರೆಯುತ್ತಿದ್ದರು. 'ವಾಂಗ್ ಮನೆಗೆ ಬಂದ ಲಿ ಮನೆಯವಳು' ಅನ್ನುವ ಹಾಗೆ. ಅವಳದೇ ಹೆಸರು ಇಲ್ಲ. ಹೊಸ ಸರ್ಕಾರದ ಪಟ್ಟಿಗಳಲ್ಲಿ ಎಷ್ಟೋ ಹೆಂಗಸರಿಗೆ ಮೊದಲ ಸಲ ಪೂರ್ತಿ ಹೆಸರು ಬಂತು. ಇವತ್ತಿಗೂ ಅಲ್ಲಿ ಮದುವೆಯಾದ ಮೇಲೆ ಹೆಣ್ಣು ಮನೆತನದ ಹೆಸರು ಬದಲಿಸುವುದಿಲ್ಲ. ನನ್ನ ಸೇವಾ ಪುಸ್ತಕದಲ್ಲಿ ಒಬ್ಬ ಗುಮಾಸ್ತ ನನ್ನನ್ನು ಕೇಳದೆಯೇ ಇನಿಶಿಯಲ್ ಬದಲಿಸಿದ್ದ. ಮದುವೆ ಆಯಿತಲ್ಲ ಮೇಡಂ, ಅಂದ. ಸರಿ ಮಾಡಿಸಲು ನನಗೆ ಏಳು ತಿಂಗಳು ಹಿಡಿಯಿತು.

ಇನ್ನು ಒಪ್ಪದ ಅರ್ಧ. ಕಾನೂನು ಊರಿಗೆ ಬಂದಾಗ ಊರಿನ ಗಂಡಸರು, ಅತ್ತೆಯಂದಿರು ಸುಮ್ಮನೆ ಕೂರಲಿಲ್ಲ. ವಿಚ್ಛೇದನ ಕೇಳಿದ ಹೆಂಗಸರನ್ನು ಹೊಡೆದರು, ಕೊಂದರು. ಅಧಿಕಾರಿಗಳೇ ಅವರನ್ನು ವಾಪಸ್ ಕಳಿಸಿದರು. ಕೊನೆಗೆ 1953ರಲ್ಲಿ ಸರ್ಕಾರ ಆ ಕಾನೂನಿನ ಪ್ರಚಾರಕ್ಕೇ ಒಂದು ತಿಂಗಳು ಇಡಬೇಕಾಯಿತು. ಕೊಟ್ಟ ಜಮೀನೂ ಕೆಲವೇ ವರ್ಷಗಳಲ್ಲಿ ಸಹಕಾರ ಸಂಘಕ್ಕೆ, 1958ರಲ್ಲಿ ಊರವರೆಲ್ಲ ಒಟ್ಟಾಗಿ ದುಡಿಯುವ ಕಮ್ಯೂನ್‌ಗೆ ಹೋಯಿತು. ಗಂಡಸರದ್ದೂ ಹೋಯಿತು, ಸರಿ. ಆದರೆ ಮರಳಿ ಸಿಕ್ಕಿದಾಗ ಕಥೆ ಬೇರೆ. ಅದನ್ನು ಕೊನೆಯ ಪತ್ರದಲ್ಲಿ ಹೇಳುತ್ತೇನೆ.

ನಾವು ಹಿಂದೆ ಬಿದ್ದೆವಾ? 1974ರ ತಿದ್ದುಪಡಿಯಾದ ಮೇಲೆ ನಮ್ಮ ಜಿಲ್ಲೆಯಲ್ಲಿ ಒಕ್ಕಲುಗಳು ಡಿಕ್ಲರೇಶನ್ ಹಾಕಿ ಜಮೀನು ಪಡೆದರಲ್ಲ. ಆ ಫೈಲುಗಳನ್ನು ನಾನು ಕೈಯಾರೆ ಮುಟ್ಟಿದ್ದೇನೆ. ನೇಜಿ ನೆಟ್ಟವಳು, ಕೊಯ್ದವಳು, ಭತ್ತ ಬಡಿದವಳು ಹೆಂಡತಿ. ಅರ್ಜಿದಾರ ಗಂಡ. ನೂರು ಫೈಲು ತೆರೆದರೆ ಹೆಂಗಸಿನ ಹೆಸರು ಬೆರಳೆಣಿಕೆ, ಅವರೂ ಹೆಚ್ಚಾಗಿ ವಿಧವೆಯರು. ಹಾಗಾಗಿ ಯಾರು ಮುಂದೆ, ಯಾರು ಹಿಂದೆ ಎಂಬ ಪಂದ್ಯ ನನಗೆ ಬೇಡ.

ಪ್ರಶ್ನೆ: ಅಲ್ಲಿ ಹೆಂಗಸರಿಗೂ ಗಂಡಸರಿಗೂ ಕೂಲಿ ಒಂದೇನಾ?
– ಬೀಡಿ ಕಟ್ಟುವವರು, ಬಂಟ್ವಾಳ

ಪತ್ರ ಒಂದೇ ಸಾಲು, ಆದರೆ ಎಲ್ಲರಿಗಿಂತ ಒಳ್ಳೆಯ ಪ್ರಶ್ನೆ ನಿಮ್ಮದು.

ಕಮ್ಯೂನ್ ಕಾಲದಲ್ಲಿ ಕೂಲಿ ದುಡ್ಡಿನಲ್ಲಿ ಅಲ್ಲ, ಅಂಕದಲ್ಲಿ. ಗಟ್ಟಿ ಗಂಡಸಿಗೆ ದಿನಕ್ಕೆ 10 ಅಂಕ. ಹೆಂಗಸಿಗೆ ಹೆಚ್ಚಿನ ಊರುಗಳಲ್ಲಿ 7 ಅಥವಾ 8, ಎಷ್ಟೇ ದುಡಿದರೂ ಅಷ್ಟೇ. 'ಆಕಾಶದ ಅರ್ಧ ಭಾಗ ಹೊತ್ತವರು ಹೆಂಗಸರು' ಎಂದು ಗೋಡೆ ಗೋಡೆಯಲ್ಲಿ ಬರೆದಿತ್ತು. ಅಂಕದ ಪುಸ್ತಕದಲ್ಲಿ ಮಾತ್ರ ಅವರ ಕೂಲಿ ಗಂಡಸಿನ ಮುಕ್ಕಾಲಿನ ಆಸುಪಾಸಿನಲ್ಲೇ ನಿಂತಿತ್ತು.

ಷಾನ್‌ಷಿ ಪ್ರಾಂತ್ಯದ ಷಿಗೌ ಎಂಬ ಗುಡ್ಡದ ಹಳ್ಳಿಯಲ್ಲಿ ಷೆನ್ ಜಿಲಾನ್ ಎಂಬ ಹೆಂಗಸು ಕಮ್ಯೂನ್‌ಗೂ ಮೊದಲೇ, ಸಹಕಾರ ಸಂಘದ ಕಾಲದಲ್ಲಿ, ಇಂಥ ಲೆಕ್ಕವನ್ನು ಪ್ರಶ್ನಿಸಿದರು. 1929ರಲ್ಲಿ ಹುಟ್ಟಿದವರು. 1950ರ ದಶಕದ ಆರಂಭದಲ್ಲಿ ಅವರ ಊರಲ್ಲಿ ಗಂಡಿಗೆ 10, ಹೆಣ್ಣಿಗೆ 5 ಅಂಕ. ಹಾಗಾದರೆ ಪೈಪೋಟಿ ಇಡಿ, ಅಂದರು. ಗದ್ದೆಗೆ ಗೊಬ್ಬರ ಹರಡುವ ಕೆಲಸದಲ್ಲಿ ಹೆಂಗಸರು ಗಂಡಸರಿಗೆ ಸಮನಾಗಿ ನಿಂತು ತೋರಿಸಿದರು. ಪತ್ರಿಕೆಯಲ್ಲಿ ಸುದ್ದಿಯಾಯಿತು. 'ಸಮಾನ ಕೆಲಸಕ್ಕೆ ಸಮಾನ ಕೂಲಿ' ಎಂದಾಗ ಅಲ್ಲಿ ಈಗಲೂ ಅವರ ಹೆಸರೇ ಬರುತ್ತದೆ. 1954ರ ಮೊದಲ ರಾಷ್ಟ್ರೀಯ ಜನಪ್ರತಿನಿಧಿ ಸಭೆಯಿಂದ ಹಿಡಿದು 2020ರಲ್ಲಿ ತೀರಿಕೊಳ್ಳುವವರೆಗೂ ಸದಸ್ಯೆಯಾಗಿದ್ದರು. ಅಷ್ಟು ವರ್ಷದಲ್ಲಿ ಒಮ್ಮೆಯೂ ವಿರೋಧದ ಮತ ಹಾಕಿಲ್ಲ ಎಂದು ಅವರೇ ಹೇಳಿಕೊಂಡಿದ್ದರು. ಗೊಬ್ಬರದ ಗದ್ದೆಯಲ್ಲಿ ಅಷ್ಟು ಜಗಳವಾಡಿದ ಹೆಂಗಸು ಸಭೆಯಲ್ಲಿ ಒಂದು ಸಲವೂ ಬೇಡ ಅನ್ನಲಿಲ್ಲವಲ್ಲ ಎಂದು ನನಗೆ ಬೇಸರ. ಆದರೆ ಅಲ್ಲಿಯ ವ್ಯವಸ್ಥೆಯೇ ಹಾಗೆ.

ಇನ್ನೊಂದು ಮಾತು. ಹೆಂಡತಿಯ ಅಂಕವೂ ವರ್ಷದ ಕೊನೆಗೆ ಲೆಕ್ಕವಾಗಿ ಸಾಮಾನ್ಯವಾಗಿ ಮನೆಯ ಯಜಮಾನನ ಕೈಗೇ ಹೋಗುತ್ತಿತ್ತು. ನಿಮ್ಮ ಬೀಡಿ ಪುಸ್ತಕ ನಿಮ್ಮ ಹೆಸರಲ್ಲೇ ಇದೆ ಅಲ್ವಾ? ಪಿಎಫ್ ಕೂಡ? ಇಲ್ಲದಿದ್ದರೆ ನನಗೆ ಬರೆಯಿರಿ.

ಪ್ರಶ್ನೆ: ಚೀನಾದಲ್ಲಿ ಈಗಲೂ ಹುಡುಗಿಯರ ಕಾಲು ಕಟ್ಟುತ್ತಾರಾ?
– 9ನೇ ತರಗತಿ, ಕಾರ್ಕಳ

ಇಲ್ಲ ಮಗು. ಪಾದ ಬೆಳೆಯದಂತೆ ಚಿಕ್ಕಂದಿನಲ್ಲೇ ಬಟ್ಟೆಯಿಂದ ಬಿಗಿದು ಕಟ್ಟುತ್ತಿದ್ದರು. 1912ರಲ್ಲೇ ಹೊಸ ಗಣರಾಜ್ಯ ಅದನ್ನು ನಿಷೇಧಿಸಿತು. ಹಳ್ಳಿಗಳಲ್ಲಿ ಪೂರ್ತಿ ನಿಲ್ಲಲು ಇನ್ನೂ ನಲವತ್ತು ವರ್ಷ ಬೇಕಾಯಿತು. ಚೆಂದಕ್ಕೆ ಕಟ್ಟುತ್ತಿದ್ದರು ಎಂದು ಪುಸ್ತಕದಲ್ಲಿ ಇರುತ್ತದೆ. ಆದರೆ ಓಡಾಡಲಾಗದ ಹುಡುಗಿ ಮನೆಯಲ್ಲಿ ಕೂತು ನೂಲುತ್ತಾಳೆ, ನೇಯುತ್ತಾಳೆ. ಕಾರ್ಖಾನೆಯ ನೂಲು ಬಂದು ಮನೆಯ ನೂಲಿಗೆ ಬೆಲೆ ಹೋದ ಮೇಲೆ ಕಟ್ಟುವುದೂ ಕಡಿಮೆಯಾಯಿತು ಎಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ನನಗೂ ಅದು ಸರಿ ಅನ್ನಿಸುತ್ತದೆ.

ಪ್ರಶ್ನೆ: ನಮ್ಮ ಅಳಿಯಸಂತಾನದಂಥ ಪದ್ಧತಿ ಚೀನಾದಲ್ಲೂ ಇದೆಯಂತೆ. ಅಲ್ಲಿ ಹೆಂಗಸರದ್ದೇ ರಾಜ್ಯ ಎಂದು ಓದಿದೆ. ಹೌದೇ?
– ನಿವೃತ್ತ ಅಧ್ಯಾಪಕರು, ಉಡುಪಿ

ಸರ್, ನೀವು ಹೇಳುವುದು ಮೊಸುವೊ ಜನರ ಬಗ್ಗೆ. ಯುನ್ನಾನ್ ಮತ್ತು ಸಿಚುವಾನ್ ಗಡಿಯಲ್ಲಿ ಲುಗು ಎಂಬ ಸರೋವರ ಇದೆ. ಅದರ ಸುತ್ತ ಇರುವ ಸಣ್ಣ ಸಮುದಾಯ. ನಾನು ಅಲ್ಲಿಗೆ ಹೋಗಿಲ್ಲ, ಓದಿದ್ದನ್ನು ಹೇಳುತ್ತೇನೆ.

ಅಲ್ಲಿ ಮಕ್ಕಳು ತಾಯಿಯ ಮನೆಯವರು. ಗಂಡಸು ರಾತ್ರಿ ಪ್ರೀತಿಸಿದವಳ ಮನೆಗೆ ಹೋಗಿ ಬೆಳಗ್ಗೆ ತನ್ನ ತಾಯಿಮನೆಗೆ ವಾಪಸಾಗುತ್ತಾನೆ. ಚೀನೀ ಭಾಷೆಯಲ್ಲಿ ಇದಕ್ಕೆ 'ನಡೆದು ಹೋಗುವ ಮದುವೆ' ಎನ್ನುತ್ತಾರೆ. ಅವನು ಬೆಳೆಸುವುದು ಅಕ್ಕತಂಗಿಯರ ಮಕ್ಕಳನ್ನು. ಮನೆಯ ಒಲೆ, ಕಣಜದ ಬೀಗದ ಕೈ ಅಜ್ಜಿಯ ಹತ್ತಿರ. ಸೋದರಮಾವನ ಸ್ಥಾನ ಓದುವಾಗ ನನಗೆ ನಮ್ಮ ಅಜ್ಜಿಮನೆಯ ಜಗಲಿಯೇ ಕಣ್ಣ ಮುಂದೆ ಬಂತು.

ಆದರೆ 'ಹೆಂಗಸರ ರಾಜ್ಯ' ಎನ್ನುವುದು ಟೂರಿಸ್ಟ್ ಬಸ್ಸಿನವರ ಮಾತು. ಹೊರಗಿನ ವ್ಯವಹಾರ ಹೆಚ್ಚಾಗಿ ಗಂಡಸರೇ ನೋಡುತ್ತಾರೆ. 1970ರ ದಶಕದಲ್ಲಿ ಸರ್ಕಾರ ಒತ್ತಾಯದಿಂದ ಜೋಡಿ ಮಾಡಿ ಮದುವೆ ಮಾಡಿಸಿತು. ಆಮೇಲೆ ಅದೇ ಪದ್ಧತಿಯನ್ನು ನೋಡಲು ಟಿಕೆಟ್ ತೆಗೆದುಕೊಂಡು ಜನ ಬರತೊಡಗಿದರು.

ನಮ್ಮದೂ ಅಷ್ಟೇ ಅಲ್ವಾ ಸರ್. ಬರಿ, ಅಂದರೆ ಗೋತ್ರದಂಥದ್ದು, ತಾಯಿಯದು, ಕುಟುಂಬ ತಾಯಿಯದು, ಆಸ್ತಿ ಹೆಣ್ಣಿನ ಸಾಲಿನಲ್ಲಿ. ಯಜಮಾಂತಿ ಆಗಲಿಕ್ಕೂ ಅವಕಾಶ ಇತ್ತು. ಆದರೆ ಅಡಿಕೆ ಮಾರಿದ ದುಡ್ಡು ಎಣಿಸುತ್ತಿದ್ದವರು ನಮ್ಮ ದೊಡ್ಡ ಮಾವ. ಅಜ್ಜಿ ವೀಳ್ಯದ ಖರ್ಚಿಗೂ ಅವರನ್ನೇ ಕೇಳುತ್ತಿದ್ದರು. ಒಂದು ಮಾತ್ರ ನಿಜ. ಗಂಡ ಸರಿಯಿಲ್ಲ ಎಂದು ವಾಪಸ್ ಬಂದ ಮಗಳಿಗೆ ಆ ಮನೆಯಲ್ಲಿ ಯಾರೂ 'ಯಾವಾಗ ಹೋಗುತ್ತಿ' ಎಂದು ಕೇಳುತ್ತಿರಲಿಲ್ಲ. ಅದು ಅವಳದೇ ಮನೆ.

ನಾನೇ ಕಣ್ಣಾರೆ ನೋಡಿದ್ದು ಬೇರೊಂದು. ಫೋಷಾನ್‌ಗೆ ಸೇರಿದ ಷುಂಡೆ ಎಂಬಲ್ಲಿ ಹಿಂದೆ ರೇಷ್ಮೆಯದೇ ಬದುಕು. ನೂಲು ತೆಗೆಯುವ ಕಾರ್ಖಾನೆಯಲ್ಲಿ ದುಡಿಯುವ ಹುಡುಗಿಯರಲ್ಲಿ ಕೆಲವರು ಮದುವೆಯೇ ಬೇಡ ಎಂದು ಶಪಥ ಮಾಡುತ್ತಿದ್ದರು. ಅಲ್ಲಿ ಮದುವಣಗಿತ್ತಿಯ ಜಡೆ ಬಿಚ್ಚಿ ತುರುಬು ಕಟ್ಟುವುದು ಶಾಸ್ತ್ರ. ಇವರು ಆ ತುರುಬನ್ನು ದೇವರ ಮುಂದೆ ತಾವೇ ಕಟ್ಟಿಕೊಳ್ಳುತ್ತಿದ್ದರು. ಹಾಗಾಗಿ 'ತಾವೇ ಬಾಚಿಕೊಂಡವರು' ಎಂದು ಹೆಸರು. 1930ರ ದಶಕದಲ್ಲಿ ರೇಷ್ಮೆ ಬಿದ್ದುಹೋದಾಗ ಎಷ್ಟೋ ಜನ ಸಿಂಗಾಪುರ, ಮಲಯಕ್ಕೆ ಹೋಗಿ ಮನೆಗೆಲಸ ಮಾಡಿದರು. ಹಣ ಕೂಡಿಸಿ ಜುನ್‌ಆನ್ ಎಂಬ ಊರಿನಲ್ಲಿ ತಮ್ಮ ಮುಪ್ಪಿಗಾಗಿ ಒಂದು ಮನೆ ಕಟ್ಟಿಸಿಕೊಂಡರು. ಯಾಕೆ ಗೊತ್ತಾ? ಮದುವೆಯಾಗದ ಮಗಳು ಅಪ್ಪನ ಮನೆಯಲ್ಲಿ ಸಾಯುವಂತಿಲ್ಲ, ಅಪಶಕುನವಂತೆ. ಆ ಮನೆಯ ಗೋಡೆಯಲ್ಲಿ ಅವರ ಫೋಟೋಗಳನ್ನು ನೋಡುತ್ತಾ ತುಂಬ ಹೊತ್ತು ನಿಂತೆ. ಮೊಮ್ಮಗಳು ಹಸಿವೆ ಎಂದು ರಚ್ಚೆ ಹಿಡಿದ ಮೇಲೆಯೇ ಹೊರಟದ್ದು.

ಪ್ರಶ್ನೆ: ಅಲ್ಲಿನ ಹಳ್ಳಿ ಹೆಂಗಸರಿಗೂ ನಮ್ಮ ಹಾಗೆ ಪತ್ರ ಬರೆಯಲು ಪತ್ರಿಕೆ ಇದೆಯಾ?
– ಗೃಹಿಣಿ, ಬ್ರಹ್ಮಾವರ

ಇತ್ತು. 1993ರಲ್ಲಿ ಷಿಯೆ ಲಿಹುವಾ ಎಂಬ ಪತ್ರಕರ್ತೆ ಬೀಜಿಂಗ್‌ನಲ್ಲಿ ಹಳ್ಳಿ ಹೆಂಗಸರಿಗಾಗಿಯೇ ಒಂದು ಪತ್ರಿಕೆ ಶುರು ಮಾಡಿದರು. ಗಂಡ ಹೊಡೆದರೆ ಎಲ್ಲಿ ದೂರು ಕೊಡುವುದು, ಪೇಟೆಗೆ ಕೆಲಸಕ್ಕೆ ಹೋದರೆ ಮೋಸ ಹೋಗದೆ ಇರುವುದು ಹೇಗೆ, ಇಂಥದ್ದೆಲ್ಲ. ಆಗ ಚೀನಾದ ಹಳ್ಳಿಗಳಲ್ಲಿ ತಾವಾಗಿಯೇ ಜೀವ ಕಳೆದುಕೊಳ್ಳುವವರಲ್ಲಿ ಗಂಡಸರಿಗಿಂತ ಹೆಂಗಸರೇ ಜಾಸ್ತಿ. ಬೇರೆ ದೇಶಗಳಲ್ಲಿ ಹೆಚ್ಚಾಗಿ ಇದರ ತಿರುವುಮುರುವು. ಅತ್ತೆಮನೆಯ ಜಗಳ, ಕೈಗೆಟಕುವ ಕೀಟನಾಶಕ, ಹೋಗಲು ಬೇರೆ ಜಾಗ ಇಲ್ಲ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಈ ಸಾವುಗಳು ತುಂಬ ಕಡಿಮೆಯಾದವು. ಪೇಟೆಗೆ ದುಡಿಯಲು ಹೋಗುವ ದಾರಿ ತೆರೆದದ್ದು ಒಂದು ದೊಡ್ಡ ಕಾರಣ ಎನ್ನುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಹುನಾನ್ ಹೆಂಗಸನ್ನು ನೆನೆದರೆ ನನಗೆ ಈ ಮಾತು ಅರ್ಥವಾಗುತ್ತದೆ. ಮಗನನ್ನು ನೆನೆದು ಅಳುತ್ತಿದ್ದಳು. ಆದರೆ ವಾಪಸ್ ಊರಿಗೆ ಹೋಗುತ್ತೀಯಾ ಎಂದರೆ ತಲೆ ಅಡ್ಡ ಆಡಿಸುತ್ತಿದ್ದಳು.

ಪತ್ರಿಕೆಗೂ ಎಷ್ಟೋ ಮುಂಚೆ, ಅವಳದೇ ಹುನಾನ್‌ನ ಜಿಯಾಂಗ್‌ಯೊಂಗ್ ಎಂಬ ಕಡೆ ಹಳ್ಳಿ ಹೆಂಗಸರು ಒಂದು ಲಿಪಿಯನ್ನೇ ಮಾಡಿಕೊಂಡಿದ್ದರು. 'ನುಷು' ಎಂದು ಹೆಸರು. ಅಂದರೆ ಹೆಣ್ಣಿನ ಬರಹ. ಗಂಡಸರ ಅಕ್ಷರ ಅವರಿಗೆ ಯಾರೂ ಕಲಿಸಲಿಲ್ಲ. ಉದ್ದಕ್ಕೆ ತೆಳ್ಳಗೆ ವಾಲಿದ ಅಕ್ಷರಗಳು, ಸೊಳ್ಳೆಯ ಕಾಲಿನ ಹಾಗೆ. ಗೆಳತಿ ಮದುವೆಯಾಗಿ ಹೋದ ಮೂರನೇ ದಿನಕ್ಕೆ ಬಟ್ಟೆಯ ಹೊದಿಕೆಯ ಪುಸ್ತಕ ಕಳಿಸುತ್ತಿದ್ದರು. ಅದರಲ್ಲಿ ಹಾರೈಕೆ ಸ್ವಲ್ಪ, ಅಳು ಜಾಸ್ತಿ. ಹಿಂದೆ ಉಳಿದ ಪುಟಗಳು ಖಾಲಿ, ಮದುಮಗಳು ತನ್ನದನ್ನು ಬರೆದುಕೊಳ್ಳಲಿ ಎಂದು. ಹಳೆಯ ಕ್ರಮದಲ್ಲಿ ಅದನ್ನು ಕಲಿತ ಕೊನೆಯವರು ಎನ್ನಿಸಿಕೊಂಡ ಯಾಂಗ್ ಹುವಾನ್‌ಯಿ 2004ರಲ್ಲಿ ತೀರಿಕೊಂಡರು. ಹೆಣ್ಣುಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಆ ಲಿಪಿ ಬೇಡವಾಯಿತು. ಹೋಯಿತಲ್ಲ ಎಂದು ಬೇಸರ ಪಡಬೇಕೋ ಖುಷಿ ಪಡಬೇಕೋ, ನೀವೇ ಹೇಳಿ.

ಪ್ರಶ್ನೆ: ಮಗನಿಗೆ 36. ಅಡಿಕೆ ತೋಟ ಇದೆ, ಕೆಟ್ಟ ಚಟ ಇಲ್ಲ. ಹಳ್ಳಿ ಎಂದ ಕೂಡಲೇ ಹುಡುಗಿ ಕಡೆಯವರು ಫೋನ್ ಇಡುತ್ತಾರೆ. ಚೀನಾದಲ್ಲಿ ಗಂಡಿನವರೇ ದುಡ್ಡು ಕೊಡುತ್ತಾರಂತೆ. ಅಲ್ಲಿ ಹೆಣ್ಣಿಗೆ ಅಷ್ಟು ಬೆಲೆಯಾ?
– ತಾಯಿ, ಕುಂದಾಪುರ ತಾಲೂಕು

ಅಮ್ಮ, ಬೆಲೆ ಬೇರೆ, ಕ್ರಯ ಬೇರೆ.

ಅಲ್ಲಿ ಗಂಡಿನ ಕಡೆಯವರು ಕೊಡುವ ಹಣಕ್ಕೆ 'ಚೈಲಿ' ಎನ್ನುತ್ತಾರೆ. ಹಳ್ಳಿಗಳಲ್ಲೇ ಜಾಸ್ತಿ, ಜಿಯಾಂಗ್ಷಿ ಪ್ರಾಂತ್ಯ ಇದಕ್ಕೆ ಕುಖ್ಯಾತ. ಹಣದ ಜೊತೆ ಪೇಟೆಯಲ್ಲಿ ಫ್ಲ್ಯಾಟ್, ಕಾರು ಕೂಡ ಕೇಳುತ್ತಾರೆ. ಮಗನ ಮದುವೆಗೆ ಅಪ್ಪ ಅಮ್ಮ ಸಾಲದಲ್ಲಿ ಮುಳುಗುತ್ತಾರೆ. ಮದುವೆ ಮುರಿದರೆ ಹಣ ವಾಪಸ್ ಕೊಡಿ ಎಂಬ ಕೇಸುಗಳು ಎಷ್ಟಾದವು ಎಂದರೆ, ಅಲ್ಲಿನ ಸುಪ್ರೀಂ ಕೋರ್ಟೇ 2024ರ ಫೆಬ್ರುವರಿಯಿಂದ ಇದಕ್ಕೆ ನಿಯಮ ತಂದಿತು.

ಹೀಗಾಗಲು ಕಾರಣ ಹೆಣ್ಣಿನ ಮೇಲಿನ ಪ್ರೀತಿಯಲ್ಲ. 1980ರಲ್ಲಿ ಒಂದೇ ಮಗು ನೀತಿ ಬಿಗಿಯಾಯಿತು. ಹಳ್ಳಿಯವರು ಒಪ್ಪಲಿಲ್ಲ. ಕೆಲವು ವರ್ಷಗಳಲ್ಲಿ ಹೆಚ್ಚಿನ ಪ್ರಾಂತ್ಯಗಳಲ್ಲಿ, ಹಳ್ಳಿಯವರಿಗೆ ಮೊದಲನೆಯದು ಹೆಣ್ಣಾದರೆ ಇನ್ನೊಂದಕ್ಕೆ ಅವಕಾಶ ಕೊಟ್ಟರು. ಈ ವಿನಾಯಿತಿಯ ಅರ್ಥ ನೋಡಿ: ಹೆಣ್ಣು ಹುಟ್ಟಿದರೆ ಅದು ಲೆಕ್ಕಕ್ಕೆ ಪೂರ್ತಿ ಅಲ್ಲ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗೆ. ಎರಡನೆಯದೂ ಹೆಣ್ಣಾದರೆ? ಸ್ಕ್ಯಾನಿಂಗ್ ಬಂದಿತ್ತಲ್ಲ. 2000ದ ದಶಕದಲ್ಲಿ 100 ಹೆಣ್ಣು ಶಿಶುಗಳಿಗೆ 118ರ ಆಸುಪಾಸು ಗಂಡು ಹುಟ್ಟುತ್ತಿದ್ದವು. 2020ರ ಜನಗಣತಿಯಲ್ಲಿ ಅದು 111ಕ್ಕೆ ಇಳಿದಿದೆ. ಒಟ್ಟು ಲೆಕ್ಕದಲ್ಲಿ ಹೆಂಗಸರಿಗಿಂತ ಗಂಡಸರು ಸುಮಾರು 3.5 ಕೋಟಿ ಜಾಸ್ತಿ. ಹುಟ್ಟಿದ ಹೆಣ್ಣುಮಕ್ಕಳಿಗೆ 'ಝಾವ್‌ದಿ' ಎಂದು ಹೆಸರಿಡುವವರಿದ್ದರು. ತಮ್ಮನನ್ನು ಕರೆದು ತಾ ಎಂದು ಅರ್ಥ!

ಹೆಣ್ಣು ಕಡಿಮೆಯಾದಾಗ ಕೆಲವರ ಮಾತಿಗೆ ಬಲ ಬಂತು, ನಿಜ. ಬಡ ಪ್ರಾಂತ್ಯದ ಹುಡುಗಿಯರನ್ನು ಮಾರುವ ದಂಧೆಯೂ ಬೆಳೆಯಿತು. 2022ರ ಜನವರಿಯಲ್ಲಿ ಜಿಯಾಂಗ್ಸು ಪ್ರಾಂತ್ಯದ ಒಂದು ಹಳ್ಳಿಯಲ್ಲಿ, ಎಂಟು ಮಕ್ಕಳ ತಾಯಿಯೊಬ್ಬಳು ಚಳಿಯಲ್ಲಿ ಕತ್ತಿಗೆ ಸರಪಳಿ ಹಾಕಿಸಿಕೊಂಡು ಕೊಟ್ಟಿಗೆಯಂಥ ಜಾಗದಲ್ಲಿ ಇದ್ದ ವಿಡಿಯೋ ಹೊರಬಂತು. ದೂರದ ಯುನ್ನಾನ್‌ನಿಂದ ಮಾರಾಟವಾಗಿ ಬಂದವಳು. ಇಡೀ ದೇಶ ಸಿಟ್ಟಿಗೆದ್ದಿತು. 2023ರಲ್ಲಿ ಗಂಡನಿಗೆ 9 ವರ್ಷ ಜೈಲಾಯಿತು, ಮಾರಿದವರಿಗೂ ಆಯಿತು.

ನಿಮ್ಮ ಮಗನ ವಿಷಯ. ಹುಡುಗಿಯರು ಹಳ್ಳಿಗೆ ಬೆನ್ನು ಹಾಕುವುದಿಲ್ಲ. ತೋಟದ ಮನೆಯ ಅಡುಗೆಕೋಣೆಗೆ ಬೆನ್ನು ಹಾಕುತ್ತಾರೆ. ಜಾತಕದ ಜೊತೆ ತೋಟದ ಸರ್ವೆ ನಂಬರ್ ಬರೆದಿದ್ದೀರಿ. ಅದರ ಬದಲು, ಸೊಸೆ ಕೆಲಸಕ್ಕೆ ಹೋಗಬಹುದು, ಸ್ಕೂಟರ್ ಕೊಡಿಸುತ್ತೇವೆ, ಬೆಳಗ್ಗಿನ ದೋಸೆ ಮಗನೇ ಹೊಯ್ಯುತ್ತಾನೆ ಎಂದು ಬರೆದು ನೋಡಿ. ಸುಮ್ನೆ ಹೇಳುತ್ತಿಲ್ಲ.

ಪ್ರಶ್ನೆ: ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಅವರೇ ದುಡಿದು ಕೊಂಡ 1 ಎಕರೆ 20 ಸೆಂಟ್ಸ್ ಇದೆ. ನಾವು ಮಕ್ಕಳಕಟ್ಟಿನವರು, ಅಂದರೆ ಅಪ್ಪನ ಆಸ್ತಿ ಮಕ್ಕಳಿಗೆ ಬರುವ ಕ್ರಮದವರು. ಹಕ್ಕು ಬಿಟ್ಟ ಪತ್ರಕ್ಕೆ ದೀಪಾವಳಿ ಕಳೆದ ಮೇಲೆ ಸಹಿ ಹಾಕು ಎಂದು ಅಣ್ಣಂದಿರು ಹೇಳುತ್ತಾರೆ. ಹಾಕದಿದ್ದರೆ ತವರು ಇಲ್ಲ ಎನ್ನುತ್ತಾರೆ. ಚೀನಾದಲ್ಲೂ ಹೆಣ್ಣುಮಕ್ಕಳಿಗೆ ಹೀಗೇ ಆಗುತ್ತದಾ?
– ಓದುಗಿ, ಮೂಡುಬಿದಿರೆ

ಆಗುತ್ತದೆ ತಂಗಿ. ಅಲ್ಲಿ ಒಂದು ಗಾದೆ ಇದೆ: ಮದುವೆ ಮಾಡಿಕೊಟ್ಟ ಮಗಳು ಚೆಲ್ಲಿದ ನೀರು. ನಮ್ಮಲ್ಲಿ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎನ್ನುತ್ತಾರಲ್ಲ, ಅದೇ.

ಕಮ್ಯೂನ್ ಮುರಿದ ಮೇಲೆ 1980ರ ಸುಮಾರಿಗೆ ಜಮೀನನ್ನು ಮತ್ತೆ ಮನೆ ಮನೆಗೆ ಗುತ್ತಿಗೆ ಕೊಟ್ಟರು. ಒಡೆತನ ಊರಿನದು, ಬೇಸಾಯ ಮನೆಯವರದು. ತಲೆ ಎಣಿಸಿ ಕೊಟ್ಟದ್ದರಿಂದ ಹುಡುಗಿಯರ ಪಾಲೂ ಅದರಲ್ಲಿ ಇತ್ತು. 1990ರ ದಶಕದಲ್ಲಿ ಗುತ್ತಿಗೆಯನ್ನು 30 ವರ್ಷ ಮುಂದುವರಿಸಿದರು. ಆಗ ಎಷ್ಟೋ ಕಡೆ ಒಂದು ನಿಯಮ: ಮನೆಗೆ ಜನ ಸೇರಿದರೂ ಜಮೀನು ಹೆಚ್ಚಿಸುವುದಿಲ್ಲ, ಜನ ಹೋದರೂ ಕಡಿಮೆ ಮಾಡುವುದಿಲ್ಲ. ಕೇಳಲು ನ್ಯಾಯವಾಗಿಯೇ ಇದೆ ಅಲ್ವಾ? ಮನೆ ಬಿಟ್ಟು ಹೋಗುವವಳು ಯಾರು ಎಂದು ಯೋಚಿಸಿ. ಮಗಳು. ಅವಳ ಪಾಲು ಅಣ್ಣನ ಹತ್ತಿರ ಉಳಿಯಿತು. ಗಂಡನ ಊರಲ್ಲಿ ಹೊಸದಾಗಿ ಸಿಗಲಿಲ್ಲ. 2003ರಿಂದ ಜಾರಿಗೆ ಬಂದ ಕಾನೂನು, ಹೊಸ ಊರಲ್ಲಿ ಸಿಗುವವರೆಗೆ ಹಳೆಯ ಊರು ಅವಳ ಪಾಲು ಕಿತ್ತುಕೊಳ್ಳುವಂತಿಲ್ಲ ಎಂದಿತು. ಆದರೆ ಅಣ್ಣನ ಮನೆಯ ಅಂಗಳದಲ್ಲಿ ನಿಂತು ನನ್ನ ಪಾಲು ಕೊಡು ಎಂದು ಕೇಳುವವರು ಯಾರು?

ಫೋಷಾನ್‌ನ ನಾನ್‌ಹಾಯ್ ಎಂಬಲ್ಲಿ ಇದು ಇನ್ನೂ ಕಣ್ಣಿಗೆ ಹೊಡೆಯುತ್ತಿತ್ತು. 1992ರ ಸುಮಾರಿಗೆ ಅಲ್ಲಿನ ಹಳ್ಳಿಗಳು ಗದ್ದೆಗಳನ್ನು ಒಟ್ಟು ಮಾಡಿ ಕಾರ್ಖಾನೆಗಳಿಗೆ ಬಾಡಿಗೆಗೆ ಕೊಟ್ಟವು. ಊರವರಿಗೆಲ್ಲ ಷೇರು, ವರ್ಷ ವರ್ಷ ಡಿವಿಡೆಂಡ್. ಹೊರಗಿನವನನ್ನು ಮದುವೆಯಾದ ಮಗಳ ಹೆಸರನ್ನು ಮಾತ್ರ ಪಟ್ಟಿಯಿಂದ ಹೊಡೆದರು. ಅವಳು ಅದೇ ಊರಲ್ಲಿ ಇದ್ದರೂ, ಹುಕೊ ಪುಸ್ತಕ ಅಲ್ಲೇ ಇದ್ದರೂ ಇಲ್ಲ. ಹೊರಗಿನಿಂದ ಬಂದ ಸೊಸೆಗೆ ಇದೆ! ಕೋರ್ಟಿಗೆ ಹೋದರೆ ಎಷ್ಟೋ ಸಲ ಇದು ಊರಿನ ಒಳಗಿನ ವಿಷಯ ಎಂಬ ಉತ್ತರ. ಊರು ಮತ ಹಾಕಿ ತೀರ್ಮಾನಿಸಿದೆಯಲ್ಲ ಎಂದು ಸಬೂಬು. ಇವರಿಗೆ 'ವಾಯ್‌ಜಿಯಾನ್ಯು' ಎಂದೇ ಹೆಸರು. ಹೊರಗೆ ಮದುವೆಯಾದ ಹೆಣ್ಣುಗಳು. ವರ್ಷಗಟ್ಟಲೆ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. ಕೊನೆಗೆ 2024ರ ಜೂನ್‌ನಲ್ಲಿ ಗ್ರಾಮೀಣ ಸಾಮೂಹಿಕ ಸಂಸ್ಥೆಗಳ ಕಾನೂನು ಬಂತು, 2025ರ ಮೇ 1ರಿಂದ ಜಾರಿ. ಮದುವೆಯಾಗಿಲ್ಲ, ಮದುವೆಯಾಗಿದೆ, ವಿಚ್ಛೇದನವಾಗಿದೆ, ಗಂಡ ತೀರಿಕೊಂಡಿದ್ದಾನೆ, ಮನೆಯಲ್ಲಿ ಗಂಡು ದಿಕ್ಕಿಲ್ಲ – ಈ ಯಾವ ಕಾರಣಕ್ಕೂ ಹೆಣ್ಣಿನ ಹಕ್ಕು ಕಿತ್ತುಕೊಳ್ಳುವಂತಿಲ್ಲ ಎಂದು ಅದರಲ್ಲಿ ಬಿಡಿಸಿ ಬಿಡಿಸಿ ಬರೆದಿದ್ದಾರೆ. ಒಂದೊಂದು ಪದದ ಹಿಂದೆಯೂ ಎಷ್ಟು ಅರ್ಜಿ ಇರಬೇಕು ಎಂದು ನನಗೆ, ಅರ್ಜಿ ಸ್ವೀಕರಿಸಿಯೇ ಮುದಿಯಾದವಳಿಗೆ, ಅಂದಾಜಾಗುತ್ತದೆ.

ಈಗ ನಿಮ್ಮ ವಿಷಯ. ಉಯಿಲಿಲ್ಲದೆ ತೀರಿಕೊಂಡ ತಂದೆಯ ಸ್ವಂತ ಆಸ್ತಿಯಲ್ಲಿ ಮಗ, ಮಗಳು, ತಾಯಿ ಎಲ್ಲರಿಗೂ ಸಮಪಾಲು. ಇದು 1956ರ ಕಾನೂನು, ಹೊಸದೇನಲ್ಲ. ಅಣ್ಣಂದಿರು ಕೊಡುವುದು ಭಿಕ್ಷೆಯಲ್ಲ. ಹಕ್ಕು ಬಿಡುವುದೂ ಬಿಡದಿರುವುದೂ ನಿಮ್ಮಿಷ್ಟ. ಬಿಟ್ಟವರನ್ನು ನಾನು ಬೈಯುವುದಿಲ್ಲ. ಪಾಲಿನ ಸಮಯದಲ್ಲಿ ನನ್ನ ಅಮ್ಮನೂ ಹೆಬ್ಬೆಟ್ಟು ಒತ್ತಿದವರೇ. ಎಂತ ಮಾಡುವುದು, ತಮ್ಮಂದಿರು ನಾಗರ ಪಂಚಮಿಗೆ ಕರೆಯಬೇಡವೇ, ಅಂದರು. ಮಸಿ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಎರಡು ವರ್ಷ ಕರೆದರು.

ನೀವು ಮೊದಲು ಮಾಡಬೇಕಾದದ್ದು ಇಷ್ಟು. ಅಪ್ಪನ ಮರಣ ಪತ್ರ, ವಂಶವೃಕ್ಷ ತೆಗೆದುಕೊಂಡು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಲು, ಅರ್ಜಿ ಕೊಡಿ. ವಂಶವೃಕ್ಷದಲ್ಲಿ ನಿಮ್ಮ ಹೆಸರು ಬಿಟ್ಟಿದ್ದಾರಾ ಎಂದು ಸರಿಯಾಗಿ ನೋಡಿ. ಬಿಡುವುದು ಅಲ್ಲೇ. ಪಹಣಿಯ 9ನೇ ಕಾಲಂನಲ್ಲಿ ಅಮ್ಮ, ಅಣ್ಣಂದಿರ ಜೊತೆ ನಿಮ್ಮ ಹೆಸರೂ ಬಂದ ಮೇಲೆ ಒಂದು ನಕಲು ನನಗೆ ಕಳಿಸಿ. ಸಹಿಯ ಮಾತು ಅದರ ನಂತರ.